ಮನುಷ್ಯರ ಸಾಮಾಜಿಕ ವರ್ತನೆ ಅರಿಯಲು ದೊಡ್ಡ ಸಿದ್ಧಾಂತಗಳು ನಿಜಕ್ಕೂ ಬೇಕೇ?

ಬೆಳಕಿಂಡಿ:

ಸಮಾಜಶಾಸ್ತ್ರವನ್ನೂ ಸಾಮಾಜಿಕ ಮನೋವಿಜ್ಞಾನವನ್ನೂ ಆಸೆಯಿಂದ ಓದುತ್ತಿರುವವಳು ನಾನು. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಒಂದು ಸಭೆ ಎಂದುಕೊಳ್ಳಿ. ಹತ್ತು ಹನ್ನೆರಡು ಜನ ಕೂತಿದ್ದಾರೆ. ಮುಖ್ಯಸ್ಥರು ಒಂದು ಯೋಜನೆ ವಿವರಿಸಿ "ಯಾರದಾದರೂ ಆಕ್ಷೇಪಣೆ ಇದೆಯಾ?" ಎಂದು ಕೇಳುತ್ತಾರೆ. ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಸಭೆ ಮುಗಿದು ಹೊರಗೆ ಬಂದದ್ದೇ ತಡ, ಒಬ್ಬೊಬ್ಬರೂ "ಇದು ಆಗೋ ಹೋಗೋ ಮಾತಲ್ಲ" ಅನ್ನುತ್ತಾರೆ. ಯಾವ ದೇಶದಲ್ಲಾದರೂ, ಯಾವ ಸಂಸ್ಥೆಯಲ್ಲಾದರೂ ನಡೆಯುವಂಥದ್ದು ಇದು.

ಈಗ ಪಠ್ಯಪುಸ್ತಕ ತೆಗೆಯೋಣ. ಆ ಮೌನದಿಂದ ಗುಂಪಿನ ಒಗ್ಗಟ್ಟು ಉಳಿಯಿತು ಎನ್ನುತ್ತದೆ ಪ್ರಕಾರ್ಯವಾದ. ಅಧಿಕಾರ ಇರುವವರ ಮುಂದೆ ಇಲ್ಲದವರು ಬಾಯಿ ಮುಚ್ಚಿಕೊಂಡರು ಎನ್ನುತ್ತದೆ ಸಂಘರ್ಷ ಸಿದ್ಧಾಂತ. ಮಾತಾಡಿದರೆ ಸಿಗುವ ಲಾಭಕ್ಕಿಂತ ಆಗುವ ನಷ್ಟ ಹೆಚ್ಚು ಎಂದು ಲೆಕ್ಕ ಹಾಕಿದರು ಎನ್ನುತ್ತದೆ ವಿನಿಮಯ ಸಿದ್ಧಾಂತ. ಒಬ್ಬರ ಮೌನವನ್ನು ಇನ್ನೊಬ್ಬರು ಒಪ್ಪಿಗೆ ಎಂದು ಓದಿಕೊಂಡರು ಎನ್ನುತ್ತದೆ ಸಾಂಕೇತಿಕ ಅಂತರಕ್ರಿಯಾವಾದ. ನಾಲ್ಕೂ ಸರಿ ಅನ್ನಿಸುತ್ತವೆ. ಅದೇ ನನ್ನ ತೊಂದರೆ. ಅವರೆಲ್ಲ ಎದ್ದು ನಿಂತು ಜಗಳವಾಡಿದ್ದರೂ ಈ ನಾಲ್ಕರ ಹತ್ತಿರವೂ ಅದಕ್ಕೊಂದು ವಿವರಣೆ ಸಿದ್ಧವಾಗಿರುತ್ತಿತ್ತು. ಏನು ನಡೆದರೂ ಒಂದು ಹೆಸರು ಕೊಡುವ ಸಿದ್ಧಾಂತದಿಂದ ನಮಗೆ ಹೊಸದಾಗಿ ತಿಳಿಯುವುದಾದರೂ ಏನು?

ಹಳೇ ಮೇಷ್ಟ್ರು:

ಪ್ರಶ್ನೆ ಚೆನ್ನಾಗಿದೆ. ಇದನ್ನೇ ಕೇಳಿಕೊಳ್ಳದೆ ಪದವಿ ಮುಗಿಸಿದವರನ್ನು ಬಹಳ ಕಂಡಿದ್ದೇನೆ.

ಮೊದಲು ಒಂದು ಗಂಟು ಬಿಡಿಸಿಕೊಳ್ಳೋಣ. ಈ ನಾಲ್ಕು ಸಿದ್ಧಾಂತಗಳು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ. ಎಮಿಲ್ ಡರ್ಖೀಮ್ 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಪುಸ್ತಕ ಬರೆದಾಗ, ಒಬ್ಬ ವ್ಯಕ್ತಿ ಯಾಕೆ ಪ್ರಾಣ ಕಳೆದುಕೊಂಡ ಎಂದು ಕೇಳಲಿಲ್ಲ. ಒಂದು ಸಮಾಜದಲ್ಲಿ ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಸಮನೆ ಇದ್ದು, ಪಕ್ಕದ ಸಮಾಜದಲ್ಲಿ ಬೇರೆಯೇ ಆಗಿರುವುದು ಯಾಕೆ ಎಂದು ಕೇಳಿದರು. ಸಾಯುವ ವ್ಯಕ್ತಿಗಳು ಪ್ರತಿ ವರ್ಷ ಬೇರೆ ಬೇರೆ, ಪ್ರಮಾಣ ಮಾತ್ರ ಅದೇ. ಹಾಗಿದ್ದ ಮೇಲೆ ಕಾರಣವನ್ನು ಬರೀ ವ್ಯಕ್ತಿಯ ಮನಸ್ಸಿನೊಳಗೆ ಹುಡುಕಿದರೆ ಸಾಲದು ಎಂಬುದು ಅವರ ವಾದ.

ಇದು ಬರೀ ಹೆಸರಿಡುವ ಕೆಲಸ ಆಗಿರಲಿಲ್ಲ ಅನ್ನುವುದಕ್ಕೆ ಒಂದು ವಿಷಯ ಹೇಳುತ್ತೇನೆ. ಬಡತನ, ಕಷ್ಟ ಹೆಚ್ಚಾದರೆ ಆತ್ಮಹತ್ಯೆ ಹೆಚ್ಚುತ್ತದೆ ಎಂಬುದು ಯಾರಿಗಾದರೂ ಹೊಳೆಯುವ ವಿವರಣೆ. ಆರ್ಥಿಕ ಕುಸಿತದ ಕಾಲದಲ್ಲಿ ಮಾತ್ರವಲ್ಲ, ಸಂಪತ್ತು ದಿಢೀರನೆ ಉಕ್ಕಿದ ಕಾಲದಲ್ಲೂ ಪ್ರಮಾಣ ಏರುತ್ತದೆ ಎಂದು ಡರ್ಖೀಮ್ ತೋರಿಸಿದರು. ಕಷ್ಟವೇ ಕಾರಣವಾಗಿದ್ದರೆ ಹಾಗೆ ಆಗಬಾರದಿತ್ತು. ಮನುಷ್ಯನ ಆಸೆಗೆ ಸಮಾಜ ಹಾಕಿದ್ದ ಎಲ್ಲೆ ಸಡಿಲವಾದಾಗ ಈ ಎರಡೂ ಕಾಲಗಳು ಒಂದೇ ಥರ ಅಪಾಯ ಎಂಬುದು ಅವರ ಸಿದ್ಧಾಂತ. ಸಿದ್ಧಾಂತ ಇಲ್ಲದಿದ್ದರೆ ಸುಭಿಕ್ಷದ ವರ್ಷಗಳ ಅಂಕಿ ತೆಗೆದು ನೋಡಬೇಕು ಎಂದು ಯಾರಿಗೂ ತೋಚುತ್ತಿರಲಿಲ್ಲ.

ಅಂಕಿಗಣ್ಣು:

ಮೇಷ್ಟ್ರೇ, ಗೌರವದಿಂದಲೇ ಒಂದು ತಕರಾರು. ಡರ್ಖೀಮರ ಬಹುಪಾಲು ಲೆಕ್ಕ ಪ್ರಾಂತ್ಯಗಳದು. ಪ್ರೊಟೆಸ್ಟಂಟರು ಹೆಚ್ಚಿರುವ ಪ್ರಾಂತ್ಯದಲ್ಲಿ ಪ್ರಮಾಣ ಹೆಚ್ಚು ಅಂದರೆ, ಹಾಗೆ ಸತ್ತವರು ಪ್ರೊಟೆಸ್ಟಂಟರೇ ಎಂದು ಹೇಳಲಾಗದು. 1950ರಲ್ಲಿ ಡಬ್ಲ್ಯೂ. ಎಸ್. ರಾಬಿನ್ಸನ್ ಈ ತಪ್ಪನ್ನು ಬಿಡಿಸಿ ತೋರಿಸಿದರು. ಅಮೆರಿಕದ 1930ರ ಜನಗಣತಿಯಲ್ಲಿ, ವಲಸೆ ಬಂದವರು ಹೆಚ್ಚಿರುವ ರಾಜ್ಯಗಳಲ್ಲಿ ಸಾಕ್ಷರತೆ ಹೆಚ್ಚು. ವ್ಯಕ್ತಿಗಳನ್ನು ಒಬ್ಬೊಬ್ಬರಾಗಿ ಎಣಿಸಿದರೆ ವಲಸೆ ಬಂದವರಲ್ಲೇ ಸಾಕ್ಷರತೆ ಕಡಿಮೆ. ಅವರು ಹೋಗಿ ನೆಲೆಸಿದ್ದು ಮೊದಲೇ ಓದುಬರಹ ಹೆಚ್ಚಿದ್ದ ರಾಜ್ಯಗಳಲ್ಲಿ, ಅಷ್ಟೇ.

ಇನ್ನು ಮನೋವಿಜ್ಞಾನದ ಕಡೆಗೆ ಬಂದರೆ, 2015ರಲ್ಲಿ ನೂರು ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ 97 ಶೇಕಡ ಅಧ್ಯಯನಗಳು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅರ್ಥಪೂರ್ಣವಾದ, ಅಂದರೆ ಬರೀ ಆಕಸ್ಮಿಕ ಎನ್ನಲಾಗದ ಫಲಿತಾಂಶ ವರದಿ ಮಾಡಿದ್ದವು. ಮರುಪ್ರಯೋಗದಲ್ಲಿ ಹಾಗೆ ಬಂದದ್ದು 36 ಶೇಕಡ ಮಾತ್ರ. ಸಿದ್ಧಾಂತದ ಕಟ್ಟಡ ಎತ್ತುವ ಮೊದಲು ಅಡಿಪಾಯ ಗಟ್ಟಿಯಿದೆಯೇ ಎಂದು ನೋಡಬೇಡವೇ?

ನೀಲಿಶಾಯಿ:

ನೋಡಲೇಬೇಕು. ಆದರೆ ರಾಬಿನ್ಸನ್ ಮಾತಿನಿಂದ ಮೇಷ್ಟ್ರ ವಾದಕ್ಕೆ ಬಲವೇ ಬರುತ್ತದೆ ಅಂತ ನನಗನ್ನಿಸುತ್ತದೆ. ಯಾವ ಮಟ್ಟದ ಪ್ರಶ್ನೆಗೆ ಯಾವ ಮಟ್ಟದ ಪುರಾವೆ ಬೇಕು ಎಂದು ತಾನೇ ಇಬ್ಬರೂ ಹೇಳುತ್ತಿರುವುದು?

ಸಭೆಯ ವಿಷಯಕ್ಕೆ ಬರುತ್ತೇನೆ. ಸಾಲಮನ್ ಆ್ಯಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗ ನೆನಪಿರಬೇಕು. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಮೊದಲನೆಯ ಗೆರೆಗೆ ಸಮನಾದದ್ದು ಯಾವುದು ಎಂದು ಎಲ್ಲರ ಮುಂದೆ ಜೋರಾಗಿ ಹೇಳಬೇಕು. ಒಬ್ಬನೇ ಇದ್ದಾಗ ತಪ್ಪು ನೂರಕ್ಕೆ ಒಂದೂ ಬರದಷ್ಟು ಸುಲಭ. ಕೋಣೆಯಲ್ಲಿರುವ ಉಳಿದವರೆಲ್ಲ ಪ್ರಯೋಗ ಮಾಡುವವರ ಕಡೆಯವರು. ಮೊದಲೇ ಹೇಳಿಕೊಟ್ಟಂತೆ ಸರದಿಯಲ್ಲಿ ಒಬ್ಬರಾದ ಮೇಲೊಬ್ಬರು ತಪ್ಪು ಗೆರೆಯನ್ನೇ ಹೇಳುತ್ತಾರೆ. ಇದೇನೂ ಗೊತ್ತಿಲ್ಲದೆ ಪ್ರಯೋಗಕ್ಕೆ ಬಂದ ಒಬ್ಬನ ಸರದಿ ಕೊನೆಯ ಹೊತ್ತಿಗೆ ಬರುತ್ತದೆ. ಅಂಥ ಸುತ್ತುಗಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಉತ್ತರಗಳು ಗುಂಪಿನ ತಪ್ಪಿನ ಕಡೆ ವಾಲಿದವು.

ಎಲ್ಲರೂ ಇಷ್ಟು ಹೇಳಿ ನಿಲ್ಲಿಸುತ್ತಾರೆ. ಮನುಷ್ಯರು ಕುರಿಮಂದೆ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಹಾಗಾದರೆ ಉಳಿದ ಮೂರರಲ್ಲಿ ಎರಡು ಪಾಲು ಉತ್ತರ ಏನಾಯಿತು? ಸುಮಾರು ನಾಲ್ಕನೇ ಒಂದು ಭಾಗ ಜನ ಒಂದೇ ಒಂದು ಸಲವೂ ಬಗ್ಗಲಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಮುಂದಿನದು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಗುಂಪಿಗೆ ಬಗ್ಗುವುದು ಮೊದಲಿನ ನಾಲ್ಕನೇ ಒಂದರಷ್ಟಕ್ಕೆ ಇಳಿಯಿತು. ಗೆರೆಗಳು ಅವೇ, ತಪ್ಪು ಹೇಳುವ ಬಹುಮತವೂ ಹಾಗೇ ಇದೆ. ಬದಲಾದದ್ದು ಪಕ್ಕದಲ್ಲಿ ಒಬ್ಬ ಜೊತೆಗಾರ ಸಿಕ್ಕಿದ್ದು ಮಾತ್ರ.

ಬೆಳಕಿಂಡಿ ಅವರೇ, ನಿಮ್ಮ ಸಭೆಯಲ್ಲಿ ಏನನ್ನು ಗಮನಿಸಬೇಕು ಎಂದು ಇದು ಹೇಳುತ್ತದೆ. ಎಷ್ಟು ಜನ ವಿರೋಧಿಸುತ್ತಾರೆ ಎಂಬುದನ್ನಲ್ಲ, ಮೊದಲ ಸದ್ದು ಬಂತೇ ಎಂಬುದನ್ನು.

ಬೆಳಕಿಂಡಿ:

ಧನ್ಯವಾದ. ಜೊತೆಗಾರನ ವಿಷಯ ಗೊತ್ತಿರಲಿಲ್ಲ. ಆದರೂ ಒಂದು ಅನುಮಾನ. ಗೆರೆ ತಪ್ಪಾಗಿ ಹೇಳಿದರೆ ಯಾರ ಕೆಲಸವೂ ಹೋಗುವುದಿಲ್ಲ. ಸಭೆಯಲ್ಲಿ ಬಡ್ತಿ ಇದೆ, ಮುಖ್ಯಸ್ಥರ ಸಿಟ್ಟು ಇದೆ. ಅದನ್ನು ಇದರ ಜೊತೆ ಹೋಲಿಸಬಹುದೇ?

ಹೊಂಗೆ ನೆರಳು:

ಅದನ್ನೇ ಹೇಳಬೇಕೆಂದಿದ್ದೆ. ಪ್ರಯೋಗಾಲಯದಲ್ಲಿ ಅಧಿಕಾರವನ್ನು ಕೋಣೆಯಿಂದ ಹೊರಗಿಟ್ಟು, ಆಮೇಲೆ ಜನ ಯಾಕೆ ಬಗ್ಗುತ್ತಾರೆ ಎಂದು ಕೇಳುತ್ತಾರೆ. ಮಾರ್ಕ್ಸ್‌ನಿಂದ ಈಚೆಗೆ ಬಂದ ಸಂಘರ್ಷ ಪರಂಪರೆ ಕೇಳುವ ಪ್ರಶ್ನೆಗಳೇ ಬೇರೆ. ಸಭೆ ಕರೆದವರು ಯಾರು? ಯಾವ ವಿಷಯ ಚರ್ಚೆಗೆ ಬರಬೇಕು ಎಂದು ತೀರ್ಮಾನಿಸಿದವರು ಯಾರು? 1962ರಲ್ಲಿ ಬ್ಯಾಕ್ರಾಕ್ ಮತ್ತು ಬ್ಯಾರಟ್ಜ್ ಎಂಬಿಬ್ಬರು ಒಂದು ಮಾತು ಹೇಳಿದರು. ತೀರ್ಮಾನವಾಗುವಾಗ ಗೆದ್ದವರ ಕೈಯಲ್ಲಿ ಮಾತ್ರ ಅಧಿಕಾರ ಇದೆ ಎಂದುಕೊಳ್ಳಬೇಡಿ, ಕೆಲವು ವಿಷಯ ಚರ್ಚೆಗೇ ಬಾರದಂತೆ ನೋಡಿಕೊಳ್ಳುವುದೂ ಅಧಿಕಾರವೇ. 1974ರಲ್ಲಿ ಸ್ಟೀವನ್ ಲ್ಯೂಕ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಜನ ತಮಗೆ ಬೇಕಾದದ್ದು ಏನು ಎಂದುಕೊಳ್ಳುತ್ತಾರೋ ಅದನ್ನೇ ರೂಪಿಸುವ ಅಧಿಕಾರವೂ ಉಂಟು ಎಂದರು.

ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಹೇಳಿದ್ದು ಇಲ್ಲಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಸಂಸ್ಥೆ ಹದಗೆಟ್ಟಾಗ ಒಳಗಿರುವವರಿಗೆ ಎರಡು ದಾರಿ: ಬಿಟ್ಟು ಹೋಗುವುದು, ಇಲ್ಲವೇ ದನಿ ಎತ್ತುವುದು. ಬಿಟ್ಟು ಹೋಗಲು ಬೇರೆ ಜಾಗವಿಲ್ಲದವರ ದನಿಗೆ ಬೆಲೆ ಕಡಿಮೆ, ಅದು ಎಲ್ಲರಿಗೂ ಗೊತ್ತು. ಆ ಹನ್ನೆರಡು ಜನರಲ್ಲಿ ನಾಳೆಯೇ ಬೇರೆ ಕೆಲಸ ಸಿಗಬಲ್ಲವರು ಯಾರು ಎಂದು ನೋಡಿ. ಮೊದಲ ಮಾತು ಬರುವುದಿದ್ದರೆ ಬಹುಶಃ ಅವರಿಂದಲೇ.

ಮಿಂಚುಳ್ಳಿ:

ಈ ಚರ್ಚೆಯಲ್ಲಿ ಇನ್ನೂ ಬಾರದ, ನನಗೆ ತುಂಬ ಪ್ರಿಯವಾದ ಒಂದು ಲೆಕ್ಕ ಇದೆ. ಮಾರ್ಕ್ ಗ್ರನೊವೆಟರ್ 1978ರಲ್ಲಿ ಬರೆದದ್ದು. ಕಾಗದ ಪೆನ್ನು ತೆಗೆದುಕೊಂಡು ನೀವೇ ಮಾಡಿ ನೋಡಬಹುದು.

ಒಂದು ಮೈದಾನದಲ್ಲಿ ನೂರು ಜನ. ದಂಗೆಗೆ ಇಳಿಯಲು ಒಬ್ಬೊಬ್ಬರಿಗೂ ಒಂದೊಂದು ಮಿತಿ ಇದೆ, ಅಂದರೆ ತನಗಿಂತ ಮೊದಲು ಎಷ್ಟು ಜನ ಇಳಿದಿದ್ದರೆ ತಾನೂ ಇಳಿಯುತ್ತೇನೆ ಎಂಬ ಸಂಖ್ಯೆ. ಮೊದಲನೆಯವನ ಮಿತಿ ಸೊನ್ನೆ, ಅವನಿಗೆ ಯಾರೂ ಬೇಡ. ಎರಡನೆಯವನದು 1, ಮೂರನೆಯವನದು 2, ಹೀಗೆ ಕೊನೆಯವನದು 99. ಸೊನ್ನೆಯವನು ಕಲ್ಲು ಎಸೆಯುತ್ತಾನೆ. ಅವನನ್ನು ನೋಡಿ 1ರವನು ಎಸೆಯುತ್ತಾನೆ. ಈಗ ಇಬ್ಬರಾದರಲ್ಲ, 2ರವನೂ ಇಳಿದ. ಹೀಗೆ ನೂರಕ್ಕೆ ನೂರೂ ಜನ ದಂಗೆಯಲ್ಲಿ.

ಈಗ ಒಂದೇ ಬದಲಾವಣೆ. 1ರ ಮಿತಿ ಇದ್ದವನನ್ನು ಕಳಿಸಿ, ಅವನ ಜಾಗದಲ್ಲಿ 2ರ ಮಿತಿ ಇರುವವನನ್ನು ನಿಲ್ಲಿಸಿ. ಸೊನ್ನೆಯವನು ಕಲ್ಲು ಎಸೆಯುತ್ತಾನೆ. ಒಬ್ಬನನ್ನು ನೋಡಿ ಇಳಿಯುವವರು ಈಗ ಯಾರೂ ಇಲ್ಲ. ಅಲ್ಲಿಗೆ ಮುಗಿಯಿತು.

ಈ ಎರಡು ಗುಂಪುಗಳ ಒಳಗಿನ ಮನಸ್ಸುಗಳನ್ನು ಹೋಲಿಸಿದರೆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನಿಂದ ನೋಡುವವರು ಮಾತ್ರ ಮೊದಲನೆಯದನ್ನು ಪುಂಡರ ಗುಂಪು ಅನ್ನುತ್ತಾರೆ, ಎರಡನೆಯದರಲ್ಲಿ ಒಬ್ಬ ತಲೆಕೆಟ್ಟವನು, ಉಳಿದವರೆಲ್ಲ ಸಭ್ಯರು ಅನ್ನುತ್ತಾರೆ. ಫಲಿತಾಂಶ ನೋಡಿ ಜನರ ಸ್ವಭಾವವನ್ನು ಊಹಿಸುವ ನಮ್ಮ ದಿನನಿತ್ಯದ ಅಭ್ಯಾಸ ಎಷ್ಟು ದುರ್ಬಲ ಎಂಬುದು ಇದನ್ನು ಓದಿದ ಮೇಲೆ ನನಗೆ ಮನದಟ್ಟಾಯಿತು. ಸಭೆಯ ಮೌನಕ್ಕೂ ಇದನ್ನೇ ಹಚ್ಚಿ ನೋಡಿ. ಹನ್ನೆರಡು ಜನರಲ್ಲಿ ಹನ್ನೊಂದು ಜನಕ್ಕೆ ವಿರೋಧವಿದ್ದು, ಎಲ್ಲರೂ "ಒಬ್ಬರಾದರೂ ಶುರು ಮಾಡಲಿ" ಎಂದು ಕಾಯುತ್ತಿದ್ದರೆ ಕೇಳಿಸುವುದು ಪೂರ್ತಿ ಮೌನ. ಆ ಮೌನ ಹೇಡಿತನದ್ದೂ ಅಲ್ಲ, ಒಪ್ಪಿಗೆಯದ್ದೂ ಅಲ್ಲ.

ನೀಲಿಶಾಯಿ:

ಇದಕ್ಕೆ ಸೇರಿಸಿ ಓದಬೇಕಾದದ್ದು ಬಹುಜನರ ತಪ್ಪುಗ್ರಹಿಕೆ ಎಂಬ ವಿಚಾರ. ತನಗೆ ಒಪ್ಪಿಗೆ ಇಲ್ಲ, ಆದರೆ ಉಳಿದವರಿಗೆಲ್ಲ ಇದೆ ಎಂದು ಪ್ರತಿಯೊಬ್ಬರೂ ನಂಬಿರುವ ಸ್ಥಿತಿ ಅದು. 1993ರಲ್ಲಿ ಪ್ರೆಂಟಿಸ್ ಮತ್ತು ಮಿಲ್ಲರ್ ಪ್ರಿನ್ಸ್‌ಟನ್ ವಿದ್ಯಾರ್ಥಿಗಳಲ್ಲಿ ಇದನ್ನು ಕಂಡರು. ಕ್ಯಾಂಪಸ್ಸಿನ ಕುಡಿತದ ಬಗ್ಗೆ ತಮಗಿರುವಷ್ಟು ಮುಜುಗರ ಉಳಿದವರಿಗಿಲ್ಲ ಎಂದು ಅವರು ಭಾವಿಸಿದ್ದರು.

ಅಂಕಿಗಣ್ಣು:

ಮಿಂಚುಳ್ಳಿ ಅವರ ಲೆಕ್ಕ ಸೊಗಸಾಗಿದೆ. ಆದರೆ ಆ ಮಿತಿ ಎಂಬ ಸಂಖ್ಯೆಯನ್ನು ಅಳೆಯುವುದು ಹೇಗೆ? ಜನರನ್ನೇ ಕೇಳಿ ತಿಳಿಯೋಣ ಅಂದರೆ ಅದೂ ಕಷ್ಟ. 1930ರ ದಶಕದಲ್ಲಿ ರಿಚರ್ಡ್ ಲಪಿಯರ್ ಒಂದು ಚೀನೀ ದಂಪತಿಯ ಜೊತೆ ಅಮೆರಿಕ ಸುತ್ತಿದರು. ಏಷ್ಯಾದವರ ಬಗ್ಗೆ ಅಲ್ಲಿ ತಿರಸ್ಕಾರ ತುಂಬಿದ್ದ ಕಾಲ. ತಂಗುವ ಜಾಗ, ಹೋಟೆಲು ಎಲ್ಲ ಸೇರಿ 251 ಕಡೆ ಹೋದರೆ ಒಂದೇ ಕಡೆ ಇಲ್ಲವೆಂದರು. ಕೆಲವು ತಿಂಗಳು ಬಿಟ್ಟು ಅದೇ ಜಾಗಗಳಿಗೆ ಕಾಗದ ಬರೆದು, ಚೀನೀಯರನ್ನು ಅತಿಥಿಗಳಾಗಿ ಒಳಗೆ ಬಿಡುತ್ತೀರಾ ಎಂದು ಕೇಳಿದರು. ಉತ್ತರ ಕೊಟ್ಟವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಇಲ್ಲ ಎಂದು ಬರೆದಿದ್ದರು. 1934ರಲ್ಲಿ ಪ್ರಕಟವಾದ ಅಧ್ಯಯನ ಇದು. ಬಾಗಿಲಲ್ಲಿ ನಿಂತು ಉತ್ತರಿಸಿದವರೇ ಕಾಗದಕ್ಕೂ ಉತ್ತರಿಸಿದರು ಎನ್ನುವ ಖಾತ್ರಿ ಇಲ್ಲ ಎಂಬ ಟೀಕೆ ಸರಿಯಾದದ್ದೇ. ಆದರೂ ಹೇಳುವುದಕ್ಕೂ ಮಾಡುವುದಕ್ಕೂ ಇರುವ ದೂರವನ್ನು ಇಷ್ಟು ನೇರವಾಗಿ ತೋರಿಸಿದ್ದು ಕಡಿಮೆ.

ಹೊಂಗೆ ನೆರಳು:

ಇದರಿಂದ ಬೆಳಕಿಂಡಿ ಅವರ ಉದಾಹರಣೆಯ ಇನ್ನೊಂದು ತುದಿಯೂ ಅಲುಗಾಡುತ್ತದೆ. ಸಭೆಯಲ್ಲಿನ ಮೌನ ಸುಳ್ಳು, ಹೊರಗೆ ಬಂದು ಆಡಿದ ಮಾತು ನಿಜ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಅರ್ವಿಂಗ್ ಗಾಫ್ಮನ್ 1950ರ ದಶಕದಲ್ಲಿ ತೋರಿಸಿದ್ದು ಅದಲ್ಲ. ದಿನನಿತ್ಯದ ಬದುಕನ್ನು ಅವರು ನಾಟಕಕ್ಕೆ ಹೋಲಿಸಿದರು: ರಂಗದ ಮೇಲೆ ಒಂದು ನಡವಳಿಕೆ, ತೆರೆಯ ಹಿಂದೆ ಇನ್ನೊಂದು. ತೆರೆಯ ಹಿಂದೆಯೂ ಜೊತೆಯವರು ನೋಡುತ್ತಲೇ ಇರುತ್ತಾರೆ. ಹೊರಗೆ ಬಂದು ಮುಖ್ಯಸ್ಥರ ಯೋಜನೆಯನ್ನು ಬೈಯದಿದ್ದರೆ ಅಲ್ಲಿ ಆತ ಹೊರಗಿನವನಾಗುತ್ತಾನೆ. ಹಾಗಾಗಿ ಆ ಮಾತಿನಲ್ಲೂ ಒಂದಿಷ್ಟು ಗುಂಪಿಗೆ ಬಗ್ಗುವುದಿದೆ.

ಬೆಳಕಿಂಡಿ:

ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ಮೂಲ ಪ್ರಶ್ನೆ ಹಾಗೇ ಉಳಿಯಿತಲ್ಲ? ವಿವರಣೆಗಳು ಇನ್ನೂ ನಾಲ್ಕು ಹೆಚ್ಚಾದವು. ಆರಿಸುವುದು ಹೇಗೆ?

ಹಳೇ ಮೇಷ್ಟ್ರು:

ಎರಡು ಸಿದ್ಧಾಂತಗಳು ಒಂದೇ ಘಟನೆಯ ಬಗ್ಗೆ ಬೇರೆ ಬೇರೆ ಮಾತು ಹೇಳುವ ಜಾಗವನ್ನು ಹುಡುಕಬೇಕು. ಎಲ್ಲವೂ ತಲೆಯಾಡಿಸುವ ಕಡೆ ಎಷ್ಟು ಅಗೆದರೂ ಏನೂ ಸಿಗದು.

1959ರಲ್ಲಿ ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್ ಮಾಡಿದ್ದು ಅದನ್ನೇ. ವಿದ್ಯಾರ್ಥಿಗಳನ್ನು ಕೂರಿಸಿ ಮರದ ಗೂಟಗಳನ್ನು ಕಾಲುಸುತ್ತು ಕಾಲುಸುತ್ತು ತಿರುಗಿಸುತ್ತಾ ಇರಿ ಎಂದರು. ಬೇಸರವಾಗಲೆಂದೇ ಮಾಡಿಟ್ಟ ಕೆಲಸ. ಮುಗಿದ ಮೇಲೆ, ಮುಂದೆ ಬರುವವರಿಗೆ "ಕೆಲಸ ಮಜವಾಗಿದೆ" ಎಂದು ಸುಳ್ಳು ಹೇಳಬೇಕೆಂದು ಕೇಳಿಕೊಂಡರು. ಅದಕ್ಕೆ ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್. ಕೊನೆಗೆ, ನಿಮಗೆ ನಿಜವಾಗಿ ಹೇಗನ್ನಿಸಿತು ಎಂದು ವಿಚಾರಿಸಿದರು.

ಪ್ರತಿಫಲದಿಂದ ಮನಸ್ಸು ರೂಪುಗೊಳ್ಳುತ್ತದೆ ಎನ್ನುವ ಸಿದ್ಧಾಂತದ ಪ್ರಕಾರ 20 ಡಾಲರ್ ಪಡೆದವರಿಗೆ ಕೆಲಸ ಹೆಚ್ಚು ಇಷ್ಟವಾಗಬೇಕು. ಫೆಸ್ಟಿಂಗರ್ ತಮ್ಮ ಅರಿವಿನ ವೈರುಧ್ಯ ಸಿದ್ಧಾಂತದಿಂದ ಇದಕ್ಕೆ ಪೂರ್ತಿ ಉಲ್ಟಾ ಊಹಿಸಿದ್ದರು. ದೊಡ್ಡ ಹಣ ಪಡೆದವನಿಗೆ ಸುಳ್ಳಿಗೊಂದು ಕಾರಣ ಸಿಕ್ಕಿತು. 1 ಡಾಲರಿಗೆ ಸುಳ್ಳು ಹೇಳಿದವನು ಒಳಗಿನ ಕಿರಿಕಿರಿ ಕಳೆಯಲು "ಕೆಲಸ ಅಷ್ಟೇನೂ ಕೆಟ್ಟದಾಗಿರಲಿಲ್ಲ" ಎಂದು ತನ್ನ ಮನಸ್ಸನ್ನೇ ತಿದ್ದಿಕೊಳ್ಳುತ್ತಾನೆ. ಬಂದ ಫಲಿತಾಂಶ ಎರಡನೆಯದರ ಕಡೆ. −5ರಿಂದ +5ರ ಅಳತೆಯಲ್ಲಿ 1 ಡಾಲರಿನವರು ಸರಾಸರಿ 1.35, 20 ಡಾಲರಿನವರು −0.05.

ಅಂಕಿಗಣ್ಣು:

1967ರಲ್ಲಿ ಡ್ಯಾರಿಲ್ ಬೆಮ್ ಇದೇ ಫಲಿತಾಂಶವನ್ನು ಕಿರಿಕಿರಿ ಎಂಬ ಮಾತೇ ಇಲ್ಲದೆ ವಿವರಿಸಿದರು ಎಂಬುದನ್ನೂ ಹೇಳಿಬಿಡಿ ಮೇಷ್ಟ್ರೇ. ನಾನು ಒಂದು ಡಾಲರಿಗೆ ಹಾಗೆ ಹೇಳಿದೆ ಅಂದರೆ ನನಗೆ ಇಷ್ಟವಾಗಿರಬೇಕು ಎಂದು ಜನ ತಮ್ಮದೇ ನಡತೆ ನೋಡಿ ಊಹಿಸಿಕೊಳ್ಳುತ್ತಾರೆ ಎಂದರು. ಆಮೇಲೆ ಆ ಎರಡರ ನಡುವೆ ಬೇರೆ ಪ್ರಯೋಗಗಳು ಬೇಕಾದವು. ಜೊತೆಗೆ ಇನ್ನೊಂದು ಮಾತು. ಇವೆಲ್ಲ ಯಾರ ಮೇಲೆ ನಡೆದ ಪ್ರಯೋಗ? 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಜೊತೆಗಾರರು ಎತ್ತಿ ತೋರಿಸಿದ ಲೆಕ್ಕದ ಪ್ರಕಾರ, ಮನೋವಿಜ್ಞಾನದ ಪ್ರಮುಖ ಪತ್ರಿಕೆಗಳ ಮಾದರಿಗಳಲ್ಲಿ 96 ಶೇಕಡ ಬಂದದ್ದು ಜಗತ್ತಿನ 12 ಶೇಕಡ ಜನ ಇರುವ ಪಾಶ್ಚಾತ್ಯ ಔದ್ಯಮಿಕ ದೇಶಗಳಿಂದ. ಹಣ ಹಂಚುವ ಅಲ್ಟಿಮೇಟಂ ಆಟ ಅಂತ ಒಂದಿದೆ: ಎದುರಿನವರಿಗೆ ಎಷ್ಟು ಪಾಲು ಎಂದು ಒಬ್ಬರು ಹೇಳುತ್ತಾರೆ, ಎದುರಿನವರು ಬೇಡವೆಂದರೆ ಇಬ್ಬರಿಗೂ ಏನೂ ಇಲ್ಲ. ಅದರಲ್ಲಿ ಆ ದೇಶಗಳವರು ಸಾಮಾನ್ಯವಾಗಿ ಎದುರಿನವರಿಗೆ ಅರ್ಧದ ಆಸುಪಾಸು ಕೊಡುತ್ತಾರೆ. ಪೆರುವಿನ ಮಚಿಗೆಂಗಾ ಜನ ಸರಾಸರಿ 26 ಶೇಕಡ ಕೊಟ್ಟರು, ಅದನ್ನೂ ಎದುರಿನವರು ಬಹುತೇಕ ಬೇಡವೆನ್ನದೆ ತೆಗೆದುಕೊಂಡರು.

ಮಿಂಚುಳ್ಳಿ:

ಒಪ್ಪುತ್ತೇನೆ. ಆದರೆ ಅಲ್ಲೂ ಒಂದು ಸಿದ್ಧಾಂತ ಇತ್ತು, ಅಂದರೆ ಎಲ್ಲರೂ ತಮ್ಮ ಲಾಭವನ್ನೇ ನೋಡುತ್ತಾರೆ ಎಂಬುದು. ಅದು ಸ್ಪಷ್ಟವಾಗಿ ಏನನ್ನೋ ಹೇಳಿದ್ದರಿಂದ ತಾನೇ ಎಲ್ಲಿ ತಪ್ಪಿತು ಎಂದು ಕಂಡದ್ದು?

ಇನ್ನೊಂದು ಕಡೆಯೂ ಹೀಗೇ ಆಯಿತು. 1968ರಲ್ಲಿ ಡಾರ್ಲಿ ಮತ್ತು ಲತಾನೆ ಮಾಡಿದ ಪ್ರಯೋಗದಲ್ಲಿ, ತೊಂದರೆಯಲ್ಲಿರುವವನ ಕೂಗು ತನಗೊಬ್ಬನಿಗೇ ಕೇಳುತ್ತಿದೆ ಎಂದುಕೊಂಡವರಲ್ಲಿ 85 ಶೇಕಡ ಜನ ಆ ಕೂಗು ನಿಲ್ಲುವ ಮೊದಲೇ ಎದ್ದರು. ಇನ್ನೂ ನಾಲ್ವರಿಗೆ ಕೇಳುತ್ತಿದೆ ಎಂದುಕೊಂಡಾಗ 31 ಶೇಕಡ. ಬ್ರಿಟನ್, ನೆದರ್‌ಲ್ಯಾಂಡ್ಸ್, ದಕ್ಷಿಣ ಆಫ್ರಿಕಾದ ಬೀದಿ ಜಗಳಗಳ 219 ಸಿಸಿಟಿವಿ ದೃಶ್ಯಗಳನ್ನು ಇತ್ತೀಚೆಗೆ ನೋಡಿದವರು, ಹತ್ತರಲ್ಲಿ ಒಂಬತ್ತು ಕಡೆ ಯಾರಾದರೊಬ್ಬರು ನಡುವೆ ಬಂದರು ಎಂದರು. ಈ ಎರಡು ಫಲಿತಾಂಶಗಳು ಒಂದಕ್ಕೊಂದು ವಿರುದ್ಧ ಆಗಬೇಕಿಲ್ಲ. ಜನ ಹೆಚ್ಚಾದಂತೆ ಒಬ್ಬೊಬ್ಬರು ಮುಂದೆ ಬರುವ ಸಂಭವ ಇಳಿಯಬಹುದು, ಯಾರಾದರೂ ಒಬ್ಬರು ಬರುವ ಸಂಭವ ಏರಬಹುದು. ತೊಂದರೆಯಲ್ಲಿ ಸಿಕ್ಕಿದವರಿಗೆ ಬೇಕಾದದ್ದು ಎರಡನೆಯದು.

ಬೆಳಕಿಂಡಿ:

ಹಾಗಾದರೆ ನನ್ನ ಸಭೆಗೆ ಬರುತ್ತೇನೆ. ಮೇಷ್ಟ್ರು ಹೇಳಿದ ಹಾಗೆ ಸಿದ್ಧಾಂತಗಳು ದಾರಿ ಬೇರೆಯಾಗುವ ಜಾಗ ಹುಡುಕಿದೆ. ತಪ್ಪಿದ್ದರೆ ಹೇಳಿ.

ಸಭೆಗೆ ಮೊದಲು ಎಲ್ಲರಿಂದ ಹೆಸರಿಲ್ಲದ ಚೀಟಿ ಬರೆಸಿ, ಪರ ಎಷ್ಟು, ವಿರೋಧ ಎಷ್ಟು ಎಂದು ಎಲ್ಲರಿಗೂ ಓದಿ ಹೇಳುವುದು. ಆಮೇಲೆ ಎಂದಿನಂತೆ ಚರ್ಚೆ. ಚೀಟಿಯಲ್ಲೇ ವಿರೋಧ ಬಾರದಿದ್ದರೆ ಹೊರಗಿನ ಗೊಣಗಾಟದ ಬಗ್ಗೆ ಗಾಫ್ಮನ್ ಹೇಳಿದ್ದಕ್ಕೆ ತೂಕ ಬರುತ್ತದೆ. ವಿರೋಧ ಬಹಳ ಇದೆ ಎಂದು ತಿಳಿದ ಮೇಲೆ ಜನ ಮಾತಾಡಿದರೆ, ಇಷ್ಟು ದಿನ ಬಾಯಿ ಕಟ್ಟಿದ್ದು ತಪ್ಪುಗ್ರಹಿಕೆ. ತಿಳಿದ ಮೇಲೂ ಸುಮ್ಮನಿದ್ದರೆ, ಹೊಂಗೆ ನೆರಳು ಹೇಳಿದ ಅಧಿಕಾರದ ಭಯ.

ಮಿಂಚುಳ್ಳಿ:

ಕೊನೆಯದರಲ್ಲಿ ಒಂದು ಸಂದು ಉಳಿದಿದೆ. ವಿರೋಧ ಎಷ್ಟಿದೆ ಎಂದು ತಿಳಿದರೂ ಯಾರ ಮಿತಿಯೂ ಸೊನ್ನೆ ಇಲ್ಲದಿದ್ದರೆ ಆಗಲೂ ಮೌನವೇ. ಅದು ಭಯದ ಮೌನದಂತೆಯೇ ಕಾಣುತ್ತದೆ. ಬೇರ್ಪಡಿಸಬೇಕಾದರೆ, ಮುಂಚೆಯೇ ಮಾತಾಡಿಕೊಂಡು ಒಬ್ಬರು ಮೊದಲು ಆಕ್ಷೇಪಣೆ ಎತ್ತಲಿ. ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು ದನಿಗೂಡಿಸಿದರೆ ಕೊರತೆ ಇದ್ದದ್ದು ಮೊದಲಿಗರದು. ಆ ಒಬ್ಬರು ಒಂಟಿಯಾಗಿಯೇ ಉಳಿದರೆ ಭಯದ ಕಡೆಯೇ ತೂಕ.

ಹೊಂಗೆ ನೆರಳು:

ಆ ಮೊದಲ ಮಾತಾಡುವವರು ಉಳಿದವರ ಸಮಾನ ಹುದ್ದೆಯವರೇ ಆಗಿರಲಿ. ಹಿರಿಯ ಅಧಿಕಾರಿಯಿಂದ ಶುರು ಮಾಡಿಸಿದರೆ ಜನ ದನಿಗೂಡಿಸಿದ್ದು ಆಕ್ಷೇಪಣೆಗೋ ಅವರ ಹುದ್ದೆಗೋ ಎಂದು ಹೇಳಲಾಗದು. ಇನ್ನೊಂದು, ಹಾಗೆ ಮೊದಲು ಮಾತಾಡಿದವರಿಗೆ ಆಮೇಲೆ ಏನಾಯಿತು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಮುಂದಿನ ಸಭೆಗೆ ಬರುವ ಹೊತ್ತಿಗೆ ಎಲ್ಲರೂ ಅದನ್ನು ನೋಡಿಯೇ ಬಂದಿರುತ್ತಾರೆ.